ಪುಟ್ಟ ಕಂದನಿಗೊಂದು ಕ್ರೋಶಾ ಹೊದಿಕೆ



ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲಿ ಅರ್ಧಕ್ಕೆ ನಿಂತ ಹೆಣಿಗೆಯೊಂದು ಇದೆಯೇ? ಇದ್ದರೆ ಈ ಲೇಖನ ನಿಮಗೆ. ಇಲ್ಲದಿದ್ದರೂ ನಿಮಗೇ. ಏಕೆಂದರೆ ನಲವತ್ತು ದಾಟಿದ ಮೇಲೆ, ಕಣ್ಣಿಗೆ ಚಾಳೀಸು ಬಂದ ಮೇಲೆ, ಮೊದಲ ಬಾರಿಗೆ ಕ್ರೋಶಾ ಸೂಜಿ ಹಿಡಿದವಳು ನಾನು. ನನ್ನಿಂದ ಆಗಿದ್ದರೆ ನಿಮ್ಮಿಂದ ಖಂಡಿತ ಆಗುತ್ತದೆ.

ನಾನು ಕಾರವಾರದ ಹಬ್ಬುವಾಡದವಳು. ಬೆಳಿಗ್ಗೆ ಶಾಲೆ, ಸಂಜೆ ಹೆಣ್ಣುಮಕ್ಕಳ ಮದ್ರಸ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಅಭ್ಯಾಸವೇ ಹೊರತು ಸೂಜಿ ನೂಲು ಹಿಡಿದು ಅಲ್ಲ. ನನ್ನ ಗುಂಡಿ ಕಿತ್ತುಹೋದರೆ ಅಮ್ಮಿಯೇ ಹಾಕಿಕೊಡಬೇಕಿತ್ತು. ಅಂಥ ನಾನು ಹೊದಿಕೆ ಹೆಣೆಯಲು ಕುಳಿತದ್ದಕ್ಕೆ ಕಾರಣ ನನ್ನ ತಂಗಿ.

ತಂಗಿಯನ್ನು ಅಂಕೋಲೆಗೆ ಕೊಟ್ಟಿದ್ದೇವೆ. ಮದುವೆಯಾಗಿ ಎಂಟು ವರ್ಷ. ಎರಡು ಬಾರಿ ಗರ್ಭ ನಿಂತಿತು, ಎರಡು ಬಾರಿಯೂ ಕೈಗೆ ಬರಲಿಲ್ಲ. ಮೊದಲ ಸಲ ಸಂಭ್ರಮದಿಂದ ಅಂಗಡಿ ಸುತ್ತಿ ತಂದಿದ್ದ ಪುಟ್ಟ ಅಂಗಿ, ಕಾಲುಚೀಲಗಳನ್ನು ಆಮೇಲೆ ಯಾರಿಗೋ ಕೊಟ್ಟುಬಿಟ್ಟಳು. ಮೂರನೆಯ ಬಾರಿ ಗರ್ಭಿಣಿಯಾದಾಗ ಮನೆಯ ಹಿರಿಯರು ಒಂದೇ ಮಾತು ಹೇಳಿದರು: "ಮಗು ಹುಟ್ಟುವ ತನಕ ಮನೆಗೆ ಒಂದು ನೂಲೂ ತರಬೇಡಿ." ತಂಗಿ ತಲೆಯಾಡಿಸಿದಳು. ಅವಳು ಹೆದರಿದ್ದಳು.

ಅಪಶಕುನ ಎಂಬುದು ಇಲ್ಲ, ಒಳಿತು ಕೆಡುಕು ಅಂಗಿ ತಂದದ್ದರಿಂದ ಬರುವುದಲ್ಲ ಎಂದು ಮದ್ರಸದಲ್ಲಿ ಮಕ್ಕಳಿಗೆ ವರ್ಷಗಳಿಂದ ಕಲಿಸುತ್ತಾ ಬಂದವಳು ನಾನು. ಆದರೂ ಮೇ ತಿಂಗಳ ರಜೆಯಲ್ಲಿ ನೂಲಿನ ಚೀಲ ತಂದ ದಿನ ಅದನ್ನು ಕಪಾಟಿನ ಹಿಂದೆ, ಹಳೆಯ ಪಠ್ಯಪುಸ್ತಕಗಳ ಕೆಳಗೆ ಮುಚ್ಚಿಟ್ಟೆ. ಯಾರಿಗೆ ಹೆದರಿ ಮುಚ್ಚಿಟ್ಟೆ? ಹಿರಿಯರಿಗೋ, ನನ್ನದೇ ಮನಸ್ಸಿಗೋ? ಈ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕೆಲಸದ ಮಾತು.

ಈ ಸೂಜಿ ಎಲ್ಲಿಂದ ಬಂತು?

ಉಲ್ಲನ್ ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಹತ್ತಾರು ಕುಣಿಕೆಗಳು ಕಡ್ಡಿಯ ಮೇಲೆ ಕುಳಿತಿರುತ್ತವೆ. ಒಂದು ಜಾರಿದರೆ ಸಾಲು ಸಾಲೇ ಇಳಿಯುತ್ತದೆ. ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಸೂಜಿ ಸಾಕು. ಸೂಜಿಯ ಮೇಲೆ ಜೀವಂತವಾಗಿರುವ ಕುಣಿಕೆಯೂ ಒಂದೇ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಆ ಕುಣಿಕೆಯನ್ನು ಸ್ವಲ್ಪ ಉದ್ದಕ್ಕೆ ಎಳೆದಿಟ್ಟು ಎದ್ದು ಹೋಗಬಹುದು. ನಮ್ಮಂಥ ಗೃಹಿಣಿಯರಿಗೆ ಇದಕ್ಕಿಂತ ಅನುಕೂಲವಾದ ಹೆಣಿಗೆ ಬೇರೆ ಇಲ್ಲ.

ಈ ಕಲೆ ಜಗತ್ತಿನಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ಬಂದಾಗ ಅಲ್ಲಿನ ಹೆಂಗಸರು ಕ್ರೋಶಾ ಲೇಸ್ ಹೆಣೆದು ಮಾರಿ ಮನೆಯ ಒಲೆ ಉರಿಸಿದರು. ನಮ್ಮ ದೇಶಕ್ಕೆ ಇದನ್ನು ತಂದವರಲ್ಲಿ ಕ್ರೈಸ್ತ ಮಿಷನರಿಗಳು ಮುಖ್ಯರು. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಅವರು ಕಲಿಸಿದ ಲೇಸ್ ಹೆಣಿಗೆ ಇಂದಿಗೂ ಸಾವಿರಾರು ಮನೆಗಳಲ್ಲಿ ನಡೆಯುತ್ತಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಬಾಂಗ್ಲಾದೇಶದ ಬೋಗ್ರಾ ಜಿಲ್ಲೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಇದೇ ಸೂಜಿಯಿಂದ ಜಾಳಿ ಟೋಪಿಗಳನ್ನು ಹೆಣೆಯುತ್ತಾರೆ, ಅವು ಕೊಲ್ಲಿ ದೇಶಗಳ ಅಂಗಡಿಗಳವರೆಗೂ ಹೋಗುತ್ತವೆ. ನಮ್ಮ ಕರ್ನಾಟಕದಲ್ಲಂತೂ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿ ಸಂಪಾದಿಸುವ ಗೃಹಿಣಿಯರು ಊರೂರಲ್ಲಿದ್ದಾರೆ. ನಿಮ್ಮ ಓಣಿಯಲ್ಲೂ ಒಬ್ಬರಿರಬಹುದು. ಹೋಗಿ ಕೇಳಿ, ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ.

ನನಗೆ ಸಿಕ್ಕ ಗುರು ನಮ್ಮ ಓಣಿಯ ಖಾಲಾ. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಲ್ಲಿ ಮನೆಮಂದಿಗೆಲ್ಲ ನಮಾಝಿನ ಟೋಪಿ ಹೆಣೆದವರು. ಓದು ಬರಹ ಅಷ್ಟಾಗಿ ಬಾರದು, ಆದರೆ ಹೆಣಿಗೆಯ ಲೆಕ್ಕ ಬೆರಳ ತುದಿಯಲ್ಲಿದೆ. ಬಿ.ಎ. ಓದಿದ ನಾನು ಅವರ ಮುಂದೆ ಚಾಪೆ ಹಾಸಿ ಕುಳಿತೆ.

ಏನೇನು ಬೇಕು?

ನೂಲು: ಮಗುವಿನ ಹೊದಿಕೆ ಎಂದ ಕೂಡಲೇ ನಾವು ಉಣ್ಣೆ ಎಂದುಕೊಳ್ಳುತ್ತೇವೆ. ಅದು ಚಳಿಯ ಊರಿನ ಮಾತು. ಕಾರವಾರ, ಅಂಕೋಲೆಗಳಂಥ ಕಡಲ ತೀರದ ಸೆಖೆಗೆ ಹತ್ತಿ ನೂಲೇ ಸರಿ. ಅದು ಬೆವರು ಹೀರುತ್ತದೆ, ಚುಚ್ಚುವುದಿಲ್ಲ, ಮತ್ತೆ ಮತ್ತೆ ಒಗೆಯಬಹುದು. ಅಂಗಡಿಯಲ್ಲಿ 'ಬೇಬಿ ವೂಲ್' ಎಂದು ಕೊಡುವುದು ಬಹುಮಟ್ಟಿಗೆ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ನೂಲು. ಅಗ್ಗ, ಬಣ್ಣ ಚೆಂದ, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ, ಬಿಸಿ ತಾಗಿದರೆ ಕರಗುತ್ತದೆ. ಬಾಣಂತಿಯ ಕೋಣೆಯಲ್ಲಿ ಲೋಬಾನದ ಕೆಂಡದ ಮೇಲೆ ಮಗುವಿನ ಬಟ್ಟೆ ಹಿಡಿಯುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅಂಥಲ್ಲಿ ಅಕ್ರಿಲಿಕ್ ಹೊದಿಕೆ ಅಪಾಯಕಾರಿ. ಹೊಗೆಯಂತೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆ ರೂಢಿಯನ್ನೇ ಬಿಟ್ಟರೆ ಉತ್ತಮ.

ನೂಲನ್ನು ಕೆನ್ನೆಗೆ ಉಜ್ಜಿ ನೋಡಿ ಕೊಳ್ಳಿ. ಬೇಕಾದಷ್ಟನ್ನೂ ಒಂದೇ ಸಲ ಕೊಳ್ಳಿ. ಉಂಡೆಯ ಪಟ್ಟಿಯ ಮೇಲೆ ಬಣ್ಣ ಹಾಕಿದ ತಂಡದ ನಂಬರು ಇರುತ್ತದೆ; ಎಲ್ಲ ಉಂಡೆಗಳಿಗೂ ಅದು ಒಂದೇ ಇರಬೇಕು. ಇಲ್ಲದಿದ್ದರೆ ಹೊದಿಕೆಯ ನಡುವೆ ಬಣ್ಣ ಬೇರೆಯಾಗಿ ಕಾಣುತ್ತದೆ. ತೀರ ಕಡು ಬಣ್ಣ ಬೇಡ. ಕಪ್ಪು, ಕಡುನೀಲಿಯಲ್ಲಿ ಹೊಸಬರಿಗೆ ಹೆಣಿಗೆಯ ತೂತು ಕಾಣಿಸುವುದೇ ಇಲ್ಲ. ನಾನು ತೆಳು ಹಳದಿ ಆರಿಸಿದೆ.

ಸೂಜಿ: ಈ ಸೂಜಿಗಳ ಮೇಲೆ ಮಿ.ಮೀ. ಲೆಕ್ಕದಲ್ಲಿ ಅಳತೆ ಬರೆದಿರುತ್ತದೆ. ಕುಚ್ಚು ಹಾಕುವ ತೆಳು ಸೂಜಿ ಇದಕ್ಕೆ ಆಗದು. ಮಧ್ಯಮ ದಪ್ಪದ ಹತ್ತಿ ನೂಲಿಗೆ 4 ಮಿ.ಮೀ. ಸೂಜಿ ಸರಿಹೋಗುತ್ತದೆ.

ಇಷ್ಟರ ಜೊತೆಗೆ ಒಂದು ಕತ್ತರಿ, ಟೇಪು, ಮೊಂಡು ಮೂತಿಯ ದಪ್ಪ ಸೂಜಿ, ನಾಲ್ಕಾರು ಪಿನ್ನು, ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್. ನೋಟ್‌ಬುಕ್ ಏಕೆ ಎಂದು ಮುಂದೆ ತಿಳಿಯುತ್ತದೆ.

ಮೊದಲು ಅಂಗೈಯಗಲ, ಆಮೇಲೆ ಹೊದಿಕೆ

ಕಲಿಯಬೇಕಾದ ಹೆಣಿಗೆ ಎರಡೇ. ಒಂದು ಚೈನು. ಜಾರುಗಂಟು ಹಾಕಿ ಸೂಜಿಗೆ ಸಿಕ್ಕಿಸಿ, ನೂಲನ್ನು ಕೊಕ್ಕೆಗೆ ಸುತ್ತಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನು. ಮಲ್ಲಿಗೆ ದಂಡೆಯಂತೆ ಉದ್ದಕ್ಕೆ ಸಾಗುತ್ತದೆ. ಇನ್ನೊಂದು ಸಿಂಗಲ್. ಹಿಂದಿನ ಸಾಲಿನ ತೂತಿಗೆ ಸೂಜಿ ಹಾಕಿ ನೂಲು ಎಳೆದುಕೊಳ್ಳಿ, ಸೂಜಿಯ ಮೇಲೆ ಈಗ ಎರಡು ಕುಣಿಕೆ. ಮತ್ತೆ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಮುಗಿಯಿತು. ಇದು ಒತ್ತಾದ ಹೆಣಿಗೆ, ದೊಡ್ಡ ತೂತು ಬೀಳುವುದಿಲ್ಲ. ಜಾಲರಿಯಂಥ ಹೆಣಿಗೆ ನೋಡಲು ಅಂದವಾದರೂ ಮಗುವಿನ ಪುಟ್ಟ ಬೆರಳು ಅದರಲ್ಲಿ ಸಿಕ್ಕಿ ನೂಲು ಬಿಗಿಯುವ ಭಯವಿದೆ. ಆದ್ದರಿಂದ ಹಸುಗೂಸಿಗೆ ಒತ್ತು ಹೆಣಿಗೆಯೇ ಇರಲಿ.

ಒಂದು ಎಚ್ಚರಿಕೆ: ಪುಸ್ತಕ ಅಥವಾ ವಿಡಿಯೋ ನೋಡಿ ಕಲಿಯುವವರು ಅದು ಅಮೆರಿಕದ್ದೋ ಬ್ರಿಟನ್ನಿನದ್ದೋ ನೋಡಿಕೊಳ್ಳಿ. ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಹೆಸರಿನ ಈ ಗೊಂದಲದಲ್ಲಿ ಹೊಸಬರು ಎಷ್ಟೋ ಜನ ಸೂಜಿ ಬಿಸಾಡಿದ್ದಾರೆ. ನಾನು ಇಲ್ಲಿ ಹೇಳಿದ್ದು ಅಮೆರಿಕದ ಲೆಕ್ಕ.

ಕೈ ಕುದುರಲು ಒಂದು ವಾರ ಬರೇ ಚೈನು, ಬರೇ ಸಿಂಗಲ್ ಹಾಕಿ ಬಿಚ್ಚುತ್ತಾ ಇರಿ. ನಂತರ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಟೇಪು ಹಿಡಿಯಿರಿ. 10 ಸೆ.ಮೀ. ಅಗಲಕ್ಕೆ ಎಷ್ಟು ಹೆಣಿಗೆ, 10 ಸೆ.ಮೀ. ಎತ್ತರಕ್ಕೆ ಎಷ್ಟು ಸಾಲು ಎಂದು ಎಣಿಸಿ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಹಾಗಾಗಿ ಬೇರೆಯವರ ಲೆಕ್ಕ ನಿಮಗೆ ಬಾರದು. ನನ್ನ ಕೈಗೆ ಬಂದದ್ದು 16 ಹೆಣಿಗೆ, 18 ಸಾಲು.

ಈಗ ಲೆಕ್ಕ ನೋಡಿ. ಹೊದಿಕೆ 75 ಸೆ.ಮೀ. ಚೌಕ ಇರಲಿ. ಅಂದರೆ ಸಾಲಿಗೆ 120 ಹೆಣಿಗೆ, ಒಟ್ಟು 135 ಸಾಲು. ಗುಣಿಸಿದರೆ 16,200 ಹೆಣಿಗೆಗಳು! ಹೊಸಬರ ಕೈ ನಿಮಿಷಕ್ಕೆ ಹತ್ತು ಹೆಣಿಗೆಯಂತೆ ಓಡಿದರೆ 27 ಗಂಟೆ. ದಿನಕ್ಕೆ ಅರ್ಧ ಗಂಟೆ ಕುಳಿತರೆ 54 ದಿನ. ನೂಲು 400 ಗ್ರಾಂ ಆಸುಪಾಸು ಬೇಕಾಗುತ್ತದೆ. ಒಂದು ಉಂಡೆ ಹೆಚ್ಚಿಗೆ ತಂದಿಡಿ. ಈ ಲೆಕ್ಕ ಮೊದಲೇ ಮಾಡಿಕೊಂಡರೆ ಹತ್ತನೆಯ ದಿನ "ಇನ್ನೂ ಇಷ್ಟೇನಾ" ಎಂದು ನಿರಾಶೆಯಾಗುವುದಿಲ್ಲ.

ಹೊದಿಕೆ ಹೋಗಿ ಬೀಸಣಿಗೆಯಾಯಿತು

ಆರಂಭಕ್ಕೆ 121 ಚೈನು ಹಾಕಿ. ಸೂಜಿಯಿಂದ ಎರಡನೆಯ ಚೈನಿನಿಂದ ಸಿಂಗಲ್ ಹಾಕುತ್ತಾ ಹೋದರೆ ಸಾಲಿಗೆ 120 ಬರುತ್ತದೆ. ಸಾಲು ಮುಗಿದಾಗ ಒಂದು ಚೈನು ಹಾಕಿ ಹೆಣಿಗೆಯನ್ನು ತಿರುಗಿಸಿ. ಆ ಒಂದು ಚೈನು ಬರೇ ಎತ್ತರಕ್ಕೆ, ಅದು ಲೆಕ್ಕಕ್ಕಿಲ್ಲ. ಮುಂದಿನ ಸಾಲಿನ ಮೊದಲ ಸಿಂಗಲ್ ಅದರ ಬುಡದಲ್ಲೇ ಇರುವ ಮೊಟ್ಟಮೊದಲ ತೂತಿಗೇ ಹಾಕಬೇಕು.

ನಾನು ಎಡವಿದ್ದು ಇಲ್ಲಿಯೇ. ಆ ಮೊದಲ ತೂತು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪ್ರತಿ ಸಾಲಿನಲ್ಲೂ ಅದನ್ನು ಬಿಟ್ಟು ಮುಂದಿನದಕ್ಕೆ ಹಾಕುತ್ತಾ ಹೋದೆ. ಸಾಲಿಗೊಂದು ಹೆಣಿಗೆ ಕಡಿಮೆಯಾಗುತ್ತಾ ಬಂತು. ಎರಡು ವಾರ, ನಲವತ್ತು ಸಾಲು. ಖುಷಿಯಿಂದ ಹಾಸಿ ನೋಡುತ್ತೇನೆ: ಕೆಳಗೆ 75 ಸೆ.ಮೀ. ಅಗಲ, ಮೇಲೆ ಸುಮಾರು 50! ಎಣಿಸಿದರೆ 120 ಇರಬೇಕಾದಲ್ಲಿ 81. ಹೊದಿಕೆ ಹೋಗಿ ಬೀಸಣಿಗೆಯಾಗಿತ್ತು.

ಖಾಲಾ ಹತ್ತಿರ ಒಯ್ದೆ. ಕನ್ನಡಕ ಏರಿಸಿ ನೋಡಿದರು. "ಬಿಚ್ಚು ಬೇಟಿ" ಎಂದರು.

"ಖಾಲಾ, ನಾಲ್ಕು ಸಾವಿರ ಹೆಣಿಗೆ!"

"ನೂಲಿಗೆ ಏನೂ ಆಗಿಲ್ಲವಲ್ಲ. ಕೈಗೂ ಏನೂ ಆಗಿಲ್ಲ. ನಿನ್ನ ಕೈ ಎರಡು ವಾರ ಕಲಿತದ್ದು ಬಿಚ್ಚಿದರೆ ಹೋಗುತ್ತದೆಯೇ?"

ಅವರೇ ನೂಲಿನ ತುದಿ ಹಿಡಿದು ಎಳೆದರು. ಹದಿನಾಲ್ಕು ದಿನದ ಕೆಲಸ ಕಾಲು ಗಂಟೆಯಲ್ಲಿ ಉಂಡೆಯಾಯಿತು. ಸಹೋದರಿಯರೇ, ಶಾಲೆಯಲ್ಲಿ ಮಕ್ಕಳ ತಪ್ಪು ಲೆಕ್ಕದ ಮೇಲೆ ಕೆಂಪು ಗೆರೆ ಎಳೆಯುವಾಗ ಆ ಮಗುವಿನ ಮನಸ್ಸಿಗೆ ಏನಾಗುತ್ತದೆ ಎಂದು ಅಂದು ನನಗೆ ಅರ್ಥವಾಯಿತು. ಅಂದಿನಿಂದ ಕೆಂಪು ಗೆರೆಯ ಪಕ್ಕದಲ್ಲಿ "ಇನ್ನೊಮ್ಮೆ ಮಾಡು, ಬರುತ್ತದೆ" ಎಂದು ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಎರಡನೆಯ ಬಾರಿ ಖಾಲಾ ಉಪಾಯ ಹೇಳಿಕೊಟ್ಟರು. ಪ್ರತಿ ಸಾಲಿನ ಮೊದಲ ಹೆಣಿಗೆಗೆ ಒಂದು ಪಿನ್ನು ಸಿಕ್ಕಿಸಿಡಿ. ವಾಪಸು ಬರುವಾಗ ಅದೇ ಕೊನೆಯ ಹೆಣಿಗೆ, ತಪ್ಪುವ ಮಾತಿಲ್ಲ. ಹತ್ತು ಸಾಲಿಗೊಮ್ಮೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಲಸ ಮುಗಿದ ಕೂಡಲೇ ಪಿನ್ನುಗಳನ್ನು ಎಣಿಸಿ ಡಬ್ಬಕ್ಕೆ ಹಾಕಿ, ಒಂದೂ ಹೊದಿಕೆಯಲ್ಲಿ ಉಳಿಯಬಾರದು.

ಹೀಗೆ ಶಾಲೆ ಶುರುವಾದ ಮೇಲೂ ಹೆಣಿಗೆ ಸಾಗಿತು. ತಂಗಿಯನ್ನು ನೋಡಲು ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಬಿಣಗಾ ದಾಟಿ ಅವರ್ಸಾ ತಲಪುವಷ್ಟರಲ್ಲಿ ಮೂರು ಸಾಲು. ಅಂಕೋಲೆ ಬಂದ ಕೂಡಲೇ ಎಲ್ಲವನ್ನೂ ಚೀಲದ ತಳಕ್ಕೆ ತುರುಕುತ್ತಿದ್ದೆ.

ಆಸ್ಪತ್ರೆಯಲ್ಲಿ ಕಲಿತ ಪಾಠ

ಜುಲೈ ಮೊದಲ ವಾರ. ಕಾರವಾರದ ಮಳೆ ನಿಮಗೆ ಗೊತ್ತಲ್ಲ, ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುವ ಊರು; ಅದರ ಬಹುಪಾಲು ಈ ತಿಂಗಳುಗಳಲ್ಲೇ. ಅಂಥ ಒಂದು ರಾತ್ರಿ ಫೋನು ಬಂತು. ತಿಂಗಳು ತುಂಬುವ ಮೊದಲೇ, 34ನೇ ವಾರಕ್ಕೆ, ತಂಗಿಗೆ ನೋವು ಕಾಣಿಸಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಗಂಡು ಮಗು. ತೂಕ 1 ಕಿಲೋ 900 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು ಎಂದು ವೈದ್ಯರು ಪರಿಗಣಿಸುತ್ತಾರೆ. ಮಗುವನ್ನು ವಿಶೇಷ ಘಟಕಕ್ಕೆ ಒಯ್ದರು.

ನನ್ನ ನೋಟ್‌ಬುಕ್ಕಿನಲ್ಲಿ ಅಂದಿಗೆ 75 ಸಾಲು ಆಗಿತ್ತು. ಅರ್ಧ ಹೊದಿಕೆ. "ರಾತ್ರಿ ಹಗಲು ಕುಳಿತಾದರೂ ಮುಗಿಸುತ್ತೇನೆ, ಮಗುವಿಗೆ ಬೆಚ್ಚಗೆ ಬೇಕು" ಎಂದು ನರ್ಸ್ ಸಹೋದರಿಯೊಬ್ಬರಿಗೆ ಹೇಳಿದೆ. ಅವರು ನಕ್ಕು, "ಹೊದಿಕೆ ನಿಧಾನ ಆಗಲಿ ಟೀಚರ್. ಈ ಮಗುವಿಗೆ ಈಗ ಬೇಕಾದ ಬಿಸುಪು ತಾಯಿಯ ಎದೆಯದ್ದು. ನೀವು ಒಂದು ಟೋಪಿ ತನ್ನಿ" ಎಂದರು.

ಮಗುವಿನ ಸ್ಥಿತಿ ತುಸು ಸುಧಾರಿಸಿದ ಮೇಲೆ ಅವರು ಅದನ್ನು ಬರೇ ಲಂಗೋಟಿ, ಟೋಪಿ, ಕಾಲುಚೀಲದಲ್ಲಿ ತಂಗಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಮಲಗಿಸಿ, ಮೇಲಿಂದ ಬಟ್ಟೆ ಕಟ್ಟಿದರು. ಇದಕ್ಕೆ ಕಾಂಗರೂ ಮದರ್ ಕೇರ್ ಎನ್ನುತ್ತಾರೆ. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುವುದರಿಂದ ಆ ಹೆಸರು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ಒಂದೊಂದರಲ್ಲಿ ಹಲವು ಮಕ್ಕಳನ್ನು ಮಲಗಿಸಬೇಕಾಗಿದ್ದ ಆಸ್ಪತ್ರೆಯಲ್ಲಿ ಡಾ. ಎಡ್ಗರ್ ರೇ ಇದನ್ನು ಆರಂಭಿಸಿದರು. ಬಡತನದಲ್ಲಿ ಹುಟ್ಟಿದ ಈ ಉಪಾಯವನ್ನು ಇಂದು ಶ್ರೀಮಂತ ದೇಶಗಳೂ ಅನುಸರಿಸುತ್ತವೆ. ಅವಧಿಗೆ ಮುಂಚೆ ಅಥವಾ ಕಡಿಮೆ ತೂಕದೊಂದಿಗೆ ಹುಟ್ಟಿದ ಮಕ್ಕಳಿಗೆ ಸಾಧ್ಯವಾದಷ್ಟು ಬೇಗ ಇದನ್ನು ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತಾಯಿಯ ಮೈಬಿಸಿ ಮಗುವಿಗೆ ಹರಿಯುತ್ತದೆ, ಮೊಲೆಹಾಲು ಕುಡಿಯಲು ಅನುಕೂಲವಾಗುತ್ತದೆ, ಸೋಂಕಿನ ಭಯ ಕಡಿಮೆಯಾಗುತ್ತದೆ. ತಾಯಿ ದಣಿದಾಗ ತಂದೆಯೂ ಎದೆಗೊಡಬಹುದು.

ಟೋಪಿಯ ಮಾತು ಕೇಳಿ ಖಾಲಾ ಎದ್ದು ಕುಳಿತರು. ಎಷ್ಟೋ ವರ್ಷಗಳ ನಂತರ ಸೂಜಿ ಹಿಡಿದರು. ಎಳೆ ಮಗುವಿನ ದೇಹದ ಶಾಖ ತಲೆಯಿಂದಲೇ ಬಹಳ ಹೋಗುವುದರಿಂದ ನಮಾಝಿನ ಟೋಪಿಯಂತೆ ಜಾಳಿ ಬೇಡ, ಒತ್ತಾಗಿರಲಿ ಎಂದೆ. ಸಣ್ಣ ಲಿಂಬೆಯ ಗಾತ್ರದ ವೃತ್ತದಿಂದ ಶುರು ಮಾಡಿ ಸುತ್ತು ಸುತ್ತಾಗಿ ಇಳಿಸಿದರು. ಕೊನೆಯ ಸುತ್ತುಗಳನ್ನು ನನ್ನ ಕೈಯಿಂದ ಹಾಕಿಸಿದರು. ಅದೇ ತೆಳು ಹಳದಿ ನೂಲು. ರಾತ್ರಿ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ, ಇಸ್ತ್ರಿ ತಾಗಿಸಿ ಬೆಳಿಗ್ಗೆ ಒಯ್ದೆವು. ಎರಡು ತಿಂಗಳ ನನ್ನ ಹೊದಿಕೆ ಮನೆಯಲ್ಲಿ ಉಳಿಯಿತು, ಒಂದು ಸಂಜೆಯ ಟೋಪಿ ಮಗುವಿನ ತಲೆ ಸೇರಿತು.

ಅಲ್ಲಿಯೇ ವೈದ್ಯರು ಇನ್ನೊಂದು ಮುಖ್ಯ ವಿಷಯ ತಿಳಿಸಿದರು, ಅದನ್ನು ನೀವೂ ದಯವಿಟ್ಟು ಗಮನಿಸಿ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಅದರ ಹಾಸಿಗೆಯಲ್ಲಿ ಸಡಿಲವಾದ ಹೊದಿಕೆ, ದಿಂಬು, ಗೊಂಬೆ ಇಡಬಾರದು. ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯವಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ನಾವು ಮಕ್ಕಳನ್ನು ನೊಣ, ಗಾಳಿ, ದೃಷ್ಟಿ ಎಂದು ಮುಖ ಮುಚ್ಚಿ ಮಲಗಿಸುತ್ತೇವೆ. ಅದು ಕೂಡದು. ಹಾಗಾದರೆ ಹೊದಿಕೆ ಯಾತಕ್ಕೆ? ಮಡಿಲಲ್ಲಿ ಎತ್ತಿಕೊಂಡಾಗ ಸುತ್ತಲು, ನೀವು ಎದುರಿಗಿದ್ದು ಕಣ್ಣಿಟ್ಟಿರುವಾಗ ಮಗುವನ್ನು ಕವುಚಿ ಆಡಿಸಲು ಹಾಸಲು, ಬಾಣಂತಿಯ ಹೆಗಲಿಗೆ. ಮಗು ನಡೆಯುವ ವಯಸ್ಸಿಗೆ ಬಂದ ಮೇಲೆ ಹೊದೆಯಲು.

ಮುಗಿಸುವ ಬಗೆ

ಮಗು ಮನೆಗೆ ಬಂದ ಮೇಲೆ ಉಳಿದ 60 ಸಾಲು ಮುಗಿಸಿದೆ. ಅಂಚಿಗೆ ಸುತ್ತಲೂ ಒಂದು ಸುತ್ತು ಸಿಂಗಲ್ ಹಾಕಿ. ಮೂಲೆಯಲ್ಲಿ ಒಂದೇ ತೂತಿಗೆ ಮೂರು ಹಾಕಿದರೆ ಮೂಲೆ ಸುರುಟಿಕೊಳ್ಳುವುದಿಲ್ಲ. ನೂಲಿನ ತುದಿಗಳನ್ನು ಗಂಟು ಹಾಕಿ ಕತ್ತರಿಸಬೇಡಿ, ಎರಡೇ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಗೇಣುದ್ದ ಬಿಟ್ಟು, ಮೊಂಡು ಸೂಜಿಯಿಂದ ಹೆಣಿಗೆಯ ಒಳಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ಅಡಗಿಸಿ. ಮಣಿ, ಗುಂಡಿ, ರಿಬ್ಬನ್, ಗೊಂಡೆ ಯಾವುದೂ ಬೇಡ. ಮಗುವಿನ ಬಾಯಿಗೆ ಮೊದಲು ಹೋಗುವುದು ಅವೇ.

ಕೊಡುವ ಮೊದಲು ಮೆದು ಸಾಬೂನಿನಲ್ಲಿ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಅದುಮಿ. ಹಗ್ಗಕ್ಕೆ ನೇತು ಹಾಕಬೇಡಿ; ನೀರು ಕುಡಿದ ಹತ್ತಿ ತನ್ನದೇ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ. ಚಾಪೆಯ ಮೇಲೆ ಹರಡಿ ಒಣಗಿಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಆದ್ದರಿಂದ ಮಡಚಿಡಲು ಆತುರ ಬೇಡ.

ಇಷ್ಟು ದೊಡ್ಡದು ಹೆಣೆಯಲು ಧೈರ್ಯ ಸಾಲದವರು 15 ಸೆ.ಮೀ. ಚೌಕಗಳನ್ನು ಬಿಡಿ ಬಿಡಿಯಾಗಿ ಹೆಣೆದು, 25ನ್ನು ಜೋಡಿಸಿದರೆ ಅದೇ ಅಳತೆಯ ಹೊದಿಕೆ ಸಿದ್ಧ. ಅತ್ತಿಗೆ ನಾದಿನಿಯರು ಹಂಚಿಕೊಂಡು ಮಾಡಬಹುದು. 2016ರ ಜನವರಿ 31ರಂದು ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಎಂಬ ಮಹಿಳೆಯರ ಬಳಗ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆಯಿತು. ಅದೂ ಮನೆ ಮನೆಗಳಲ್ಲಿ ಹೆಂಗಸರು ಹೆಣೆದ ತುಂಡುಗಳನ್ನು ಜೋಡಿಸಿ ಮಾಡಿದ್ದೇ.

ನಮ್ಮ ಜಿಲ್ಲೆಯಲ್ಲೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಹೋದರಿಯರು ಹಳೆಯ ಸೀರೆ ಅಂಗಿಗಳ ತುಂಡುಗಳಿಂದ ಹೊಲಿಯುವ ಕೌದಿಯನ್ನು ನೋಡಿದ್ದೀರಾ? ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಪುಟ್ಟ 'ಹೂವು' ಇಡದೆ ಕೌದಿ ಪೂರ್ತಿಯಾಗುವುದಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೂ ಮಗುವಿಗೆ ಬೆಚ್ಚನೆಯದನ್ನು ಕೊಡಬಹುದು ಎಂದು ತೋರಿಸಿಕೊಟ್ಟವರು ಅವರು. ನೂಲು ಕೊಳ್ಳಲು ಆಗದವರು ಆ ದಾರಿ ಹಿಡಿಯಬಹುದು. ಹಳೆಯ ಹತ್ತಿ ಸೀರೆಗಿಂತ ಮೆದುವಾದದ್ದು ಯಾವ ಅಂಗಡಿಯಲ್ಲೂ ಸಿಗದು.

ಇದು ಫುರ್ಸತ್ತಿನ ಕೆಲಸವೇ?

ನಾನು ಹೆಣೆಯುವುದನ್ನು ಕಂಡ ಅನೇಕರು "ಟೀಚರಿಗೆ ಈಗ ಫುರ್ಸತ್ತು" ಎಂದರು. ಕ್ರೋಶಾ ಕುಚ್ಚು ಹಾಕುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೂ ಜನ ಇದನ್ನೇ ಹೇಳಿ ಚೌಕಾಸಿ ಮಾಡುತ್ತಾರಂತೆ: "ಮನೆಯಲ್ಲಿ ಸುಮ್ಮನೆ ಕುಳಿತು ಮಾಡುವುದಲ್ಲವಾ." ನರಸಾಪುರದ ಲೇಸ್ ಹೆಣೆಯುವ ಮಹಿಳೆಯರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ಜಗತ್ತಿನ ಮಾರುಕಟ್ಟೆಗೆ ಲೇಸ್ ಹೆಣೆಯುತ್ತಿದ್ದರೂ ಅವರನ್ನು ಕಾರ್ಮಿಕರೆಂದು ಯಾರೂ ಎಣಿಸುತ್ತಿರಲಿಲ್ಲ, 'ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರು' ಎಂದು ಕರೆದು ಅತಿ ಕಡಿಮೆ ಕೂಲಿ ಕೊಡುತ್ತಿದ್ದರು ಎಂಬುದನ್ನು ಅದರಲ್ಲಿ ವಿವರಿಸಿದ್ದಾರೆ. ಅಂದಿನ ಆ ಮಾತು ಇಂದಿಗೂ ನಮ್ಮ ಓಣಿಗಳಲ್ಲಿ ಕೇಳಿಬರುತ್ತಿದೆ. ಆದ್ದರಿಂದ ನೀವು ಯಾರಿಂದಲಾದರೂ ಕುಚ್ಚು ಹಾಕಿಸಿದರೆ, ಹೊದಿಕೆ ಕೊಂಡರೆ, 16,200 ಎಂಬ ಸಂಖ್ಯೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಚೌಕಾಸಿ ಮಾಡುವ ಬಾಯಿ ತಾನಾಗಿ ಮುಚ್ಚುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಮಕ್ಕಳಿಗೆ ಹೇಳಿಕೊಡುವ ನಾವು, ಮನೆಯೊಳಗೆ ಕುಳಿತು ದುಡಿದವಳ ಬೆವರೂ ಬೆವರೇ ಎಂಬುದನ್ನು ಮರೆಯಬಾರದು.

ಕೊನೆಯ ಮಾತು

ಹೊದಿಕೆ ಮುಗಿಸಿ ಅಂಕೋಲೆಗೆ ಹೋದ ದಿನ ತಂಗಿ ಅದನ್ನು ಬಿಡಿಸಿ ನೋಡಿದಳು. ಎಡ ಅಂಚು ಒಂದು ಕಡೆ ತುಸು ಒಳಕ್ಕೆ ಹೋಗಿತ್ತು. ಅವಳಿಗೆ ಕಾಣಿಸಲಿಲ್ಲವೋ, ಕಂಡೂ ಹೇಳಲಿಲ್ಲವೋ.

"ಆಪಾ, ಯಾವಾಗಿನಿಂದ ಹೆಣೆಯುತ್ತಿದ್ದೀಯಾ?"

"ಮೇ ತಿಂಗಳಿಂದ. ನಿನಗೆ ಹೇಳಲಿಲ್ಲ. ನೀನು ಹೆದರುತ್ತೀ ಎಂದು."

ಅವಳು ಎದ್ದು ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬದ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತಂದು ನನ್ನ ಕೈಗಿಟ್ಟಳು. ಒಳಗೆ ಒಂದು ಜೊತೆ ಪುಟ್ಟ ಬಿಳಿ ಅಂಗಿ. "ನಾನೂ ಏಪ್ರಿಲ್‌ನಲ್ಲಿ ತಂದು ಇಟ್ಟಿದ್ದೆ ಆಪಾ. ಯಾರಿಗೂ ಹೇಳಿರಲಿಲ್ಲ."

ಅಕ್ಕ ತಂಗಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಮುಚ್ಚಿಟ್ಟಿದ್ದದ್ದು ಒಂದೇ ವಸ್ತುವನ್ನು. ನಾನು ಹೆದರಿದ್ದು ಹಿರಿಯರಿಗಲ್ಲ, ಮತ್ತೊಮ್ಮೆ ಅಂಗಿಯನ್ನು ಯಾರಿಗೋ ಕೊಟ್ಟುಬಿಡಬೇಕಾದ ಆ ದಿನಕ್ಕೆ. ಆ ಹೆದರಿಕೆಯನ್ನು ಒಂದು ಮಾತಿನಲ್ಲಿ ಹೇಳಿಕೊಂಡಿದ್ದರೆ ಆ ಎರಡು ತಿಂಗಳು ನಾವಿಬ್ಬರೂ ಜೊತೆಯಾಗಿ ಕುಳಿತು ಹೆಣೆಯಬಹುದಿತ್ತು. ನಿಮ್ಮ ಮನೆಯಲ್ಲೂ ಒಂದು ಮಗುವನ್ನು ಕಳೆದುಕೊಂಡು ಮತ್ತೆ ಬಸುರಾದ ಸೊಸೆಯೋ, ಮಗಳೋ ಇರಬಹುದು. ಅವಳಿಗೆ "ಅದು ತರಬೇಡ, ಇದು ಮಾಡಬೇಡ" ಎನ್ನುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತುಕೊಳ್ಳಿ. ಸಾಧ್ಯವಾದರೆ ಕೈಗೊಂದು ಸೂಜಿ, ಒಂದು ಉಂಡೆ ನೂಲು ಕೊಡಿ. ಕೈ ಹೆಣೆಯುತ್ತಿರುವಾಗ ಮನಸ್ಸು ಮಾತಾಡುತ್ತದೆ.

ಮಗುವಿಗೆ ಈಗ ವರ್ಷ ತುಂಬಿದೆ. ಅಲ್‌ಹಮ್ದುಲಿಲ್ಲಾಹ್, ಗಟ್ಟಿಮುಟ್ಟಾಗಿದ್ದಾನೆ. ಹೊದಿಕೆಯ ಒಂದು ಮೂಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಉಳಿದದ್ದನ್ನು ಮನೆಯೆಲ್ಲ ಎಳೆದಾಡುತ್ತಾನೆ. ಆ ಮೂಲೆ ಆಗಲೇ ಸಡಿಲವಾಗಿದೆ. ಮುಂದಿನ ಸಲ ಹೋಗುವಾಗ ಸೂಜಿ ಒಯ್ಯಬೇಕು.